ತೊದಲದ ಕಂಪ್ಯೂಟರ್ ಕಟ್ಟುವ ಡಬ್ಬದಕ್ಕ

ಬಿಸಿಲು ಇನ್ನೂ ರಸ್ತೆಗೆ ಇಳಿದಿಲ್ಲ. ಕಟಿಂಗ್ ಶಾಪಿನ ಶಟರ್ ಮಾತ್ರ ಆಗಲೇ ಎದ್ದಿದೆ. ಒಳಗೆ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಗಿರಾಕಿಯ ಬದಲು ಕಂಪ್ಯೂಟರಿನ ಖಾಲಿ ಪೆಟ್ಟಿಗೆಯೊಂದು ಠೀವಿಯಿಂದ ಕೂತಿದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಹೆಂಗಸೊಬ್ಬರು ಕಾಲಿನಿಂದ ಪೆಡಲ್ ಒತ್ತಿ ಕುರ್ಚಿಯನ್ನು ಎದೆಮಟ್ಟಕ್ಕೆ ಏರಿಸುತ್ತಾರೆ. ಮುಂದಿನಿಂದ ಕೈ ಹಾಕಿ, ಹಿಂದಿನ ಸ್ಕ್ರೂ ಕೂತಿದೆಯೇ ಎಂದು ಕನ್ನಡಿಯಲ್ಲಿ ನೋಡುತ್ತಾರೆ.

"ನಮ್ಮ ಮಾವನ ಕುರ್ಚಿ ಇದು. ಬಗ್ಗೋ ಕೆಲಸವೇ ಇಲ್ಲ ನೋಡಿ," ಎನ್ನುತ್ತಾರೆ. "ಆದ್ರೆ ಮೊದಲನೇ ಗಿರಾಕಿ ಬರೋಕೆ ಮುಂಚೆ ಈ ಡಬ್ಬ ಎದ್ದುಬಿಡಬೇಕು. ಕೂದಲಿಗೂ ಕಂಪ್ಯೂಟರ್ ಫ್ಯಾನಿಗೂ ಎಣ್ಣೆ ಸೀಗೇಕಾಯಿ ಸಂಬಂಧ."

ಬೀದಿಯವರ ಬಾಯಲ್ಲಿ ಇವರು ಡಬ್ಬದಕ್ಕ. ಮುಂದಿನ ಅಂಗಡಿ ಗಂಡನದು, ಪರದೆಯ ಹಿಂದಿನ ಕೋಣೆ ಇವರದು. ವಿಡಿಯೋ, ಆಡಿಯೋ ಎಡಿಟ್ ಮಾಡುವವರಿಗೆ ಬೇಕಾದ ಬಿಡಿಭಾಗ ಆರಿಸಿ, ಜೋಡಿಸಿ ಕೊಡುವುದು ಇವರ ಕಸುಬು. ಬೇರೆ ಕಂಪ್ಯೂಟರ್ ಕೇಳಿದರೆ ಪಕ್ಕದ ರಸ್ತೆಯ ಅಂಗಡಿ ತೋರಿಸುತ್ತಾರೆ.

ಮೊದಲು ಇವರು ಮದುವೆ ವಿಡಿಯೋ ಸ್ಟುಡಿಯೋದಲ್ಲಿ ಎಡಿಟಿಂಗ್‌ಗೆ ಕೂರುತ್ತಿದ್ದವರು. ಅಲ್ಲಿನ ಕಂಪ್ಯೂಟರ್ ಮದುಮಗಳು ನಗುವ ಹೊತ್ತಿಗೇ ನಿಂತುಬಿಡುತ್ತಿತ್ತಂತೆ. ರಿಪೇರಿಯವನು "ಇವತ್ತು, ನಾಳೆ" ಎನ್ನುತ್ತಲೇ ಇದ್ದ. ಬೇಸತ್ತು ಒಂದು ದಿನ ತಾವೇ ಬಿಚ್ಚಿದರು. ಸ್ಟುಡಿಯೋ ಮುಚ್ಚಿದ ಮೇಲೆ ಆ ಬಿಚ್ಚುವ ಕೈಯೇ ಅನ್ನ ಕೊಟ್ಟಿತು. ಶುರುವಿನಲ್ಲಿ ಬಂದವರೆಲ್ಲ "ಕಟ್ಟೋರು ಎಲ್ಲಿದ್ದಾರೆ?" ಎಂದು ಗಂಡನನ್ನೇ ಕೇಳುತ್ತಿದ್ದರು. ಅವರು ಕತ್ತರಿ ನಿಲ್ಲಿಸದೆ, "ನಾನು ತಲೆ ಹೊರಗಿಂದ ನೋಡೋನು. ಒಳಗಿಂದ ನೋಡೋರು ಹಿಂದಿದ್ದಾರೆ," ಎನ್ನುತ್ತಿದ್ದರು. ಈಗಲೂ ಅದೇ ಉತ್ತರ, ಅದೇ ಗಾಂಭೀರ್ಯ.

ಇಷ್ಟು ವರ್ಷ ಕಟ್ಟಿದ್ದರಲ್ಲಿ ಯಾವುದು ಮರೆಯಲಾಗದ್ದು ಎಂದು ಕೇಳಿದರೆ, ಅವರು ಹೇಳುವುದು ತಾವು ಎಡವಿದ ಕಥೆಯನ್ನು.

ಕಿವಿ ಕೇಳದ ಮಕ್ಕಳ ಶಾಲೆಯ ಟೀಚರ್ ಒಬ್ಬರು ಬಂದಿದ್ದರು. ಸನ್ನೆಯಲ್ಲಿ ಕಥೆ ಹೇಳಿ, ಎರಡು ಕ್ಯಾಮೆರಾದಲ್ಲಿ ಹಿಡಿದು, ಮುಖವನ್ನೂ ಕೈಯನ್ನೂ ಅಕ್ಕಪಕ್ಕ ಕೂರಿಸಿ ವಿಡಿಯೋ ಮಾಡುವುದು ಅವರ ಕೆಲಸ. ರಜೆ ಮುಗಿದು ಮಕ್ಕಳು ಬರುವಷ್ಟರಲ್ಲಿ ಕಥೆಗಳು ತಯಾರಾಗಬೇಕಿತ್ತು. ಹಳೆಯ ಕಂಪ್ಯೂಟರ್ ಕೈಕೊಟ್ಟಿತ್ತು. ಅಕ್ಕ ಒಳ್ಳೆಯ ಪ್ರೊಸೆಸರ್, ಧಾರಾಳ ಮೆಮೊರಿ, ಸದ್ದಿಲ್ಲದ ಫ್ಯಾನ್ ಹಾಕಿ ಕಟ್ಟಿಕೊಟ್ಟರು. ಮೂರನೇ ದಿನವೇ ಟೀಚರ್ ಪೆಟ್ಟಿಗೆ ಹೊತ್ತು ವಾಪಸ್.

"ಎರಡೂ ವಿಡಿಯೋ ಒಟ್ಟಿಗೆ ಓಡಿಸಿದ್ರೆ ಅಲ್ಲಲ್ಲಿ ಒಂಚೂರು ಜಿಗಿಯುತ್ತೆ," ಎಂದರು.

"ಎಡಿಟ್ ಮಾಡೋವಾಗ ಅದು ಇದ್ದದ್ದೇ. ಕೊನೇಲಿ ಬರೋ ವಿಡಿಯೋ ಸರಿಯಾಗೇ ಇರುತ್ತೆ," ಎಂದರು ಅಕ್ಕ.

ಟೀಚರ್ ವಾದಿಸಲಿಲ್ಲ. ಒಂದು ಮಾತನ್ನು ಕೈಯಲ್ಲಿ ಆಡಿ ತೋರಿಸಿದರು. ಆಮೇಲೆ ಅದನ್ನೇ, ನಡುವೆ ಒಂದು ಚಲನೆ ಬಿಟ್ಟು ತೋರಿಸಿದರು. "ಈಗ ಅರ್ಥ ಬೇರೆ ಆಯ್ತು. ಮಾತು ಎಲ್ಲಿ ಮುಗೀತು ಅಂತ ನಂಗೇ ಕಾಣದಿದ್ರೆ ಎಲ್ಲಿ ಕತ್ತರಿಸಲಿ? ನಿಮ್ಮ ಡಬ್ಬ ತೊದಲ್ತಾ ಇದೆ."

"ಆ ಮಾತು ನೇರ ಎದೆಗೆ ನಾಟಿತು," ಎಂದು ಅಕ್ಕ ನೆನೆಯುತ್ತಾರೆ. "ಏನೆಲ್ಲ ಕೇಳಿದ್ದೆ, ಯಾವ ಕ್ಯಾಮೆರಾ ಅಂತ ಮಾತ್ರ ಕೇಳಿರಲಿಲ್ಲ. ಅವರ ಹೊಸ ಕ್ಯಾಮೆರಾ ವಿಡಿಯೋನ ಹಾಸಿಗೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿಡುತ್ತೆ. ಅದನ್ನ ಬಿಚ್ಚೋಕೆ ಕೆಲವು ಪ್ರೊಸೆಸರಲ್ಲಿ ಬೇರೆಯೇ ಭಾಗ ಇರುತ್ತೆ. ನಾನು ಹಾಕಿದ್ದು ಪೈಲ್ವಾನನೇ, ಆದ್ರೆ ಆ ಕೆಲಸ ಅವನಿಗೆ ಬರ್ತಿರಲಿಲ್ಲ."

ಪ್ರೊಸೆಸರ್ ಬದಲಿಸಿದರೆ ಅದು ಕೂರುವ ಮದರ್‌ಬೋರ್ಡೂ ಬದಲಾಗಬೇಕು. ಅಂದರೆ ಕಟ್ಟಿದ ಮನೆಯ ಅಡಿಪಾಯಕ್ಕೇ ಕೈ ಹಾಕಿದಂತೆ. ಅಕ್ಕ ಮುಂದಿನ ಅಂಗಡಿಯ ಕುರ್ಚಿಯ ಮೇಲಿಟ್ಟು ಪೂರ್ತಿ ಬಿಚ್ಚಿದರು. ತೆಗೆದ ಜೋಡಿಯನ್ನು, ನಷ್ಟ ತಮ್ಮದೇ ಎಂದು, ತಮಗೇ ಇಟ್ಟುಕೊಂಡರು. ಗಂಡ ಅಂದು ಬೆಳಗ್ಗೆ ಬಂದ ಗಿರಾಕಿಗಳನ್ನೆಲ್ಲ ಬಾಗಿಲಲ್ಲೇ ಬೆಂಚು ಹಾಕಿ ಕೂರಿಸಿ, ಅಲ್ಲೇ ಶೇವಿಂಗ್ ಮಾಡಿ ಕಳಿಸಿದರು. "ಒಳಗೆ ಆಪರೇಷನ್ ನಡೀತಿದೆ," ಎಂದು ಎಲ್ಲರಿಗೂ ಹೇಳಿದರಂತೆ.

ಮಧ್ಯಾಹ್ನದ ಹೊತ್ತಿಗೆ ಟೀಚರ್ ಹಿಂದಿನ ಕೋಣೆಯಲ್ಲಿ ಕೂತು ಕಥೆ ಓಡಿಸಿದರು. ಎರಡು ಕೈ, ಒಂದು ಮುಖ, ನೀರು ಹರಿದ ಹಾಗೆ. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡಿದ್ದ ಗಿರಾಕಿಯೊಬ್ಬರು ಪರದೆ ಸರಿಸಿ ನಿಂತು ನೋಡಿ, "ಕರಡಿ ತಾನೇ ಅದು? ನಂಗೇ ಗೊತ್ತಾಯ್ತಲ್ಲ," ಎಂದು ಖುಷಿಪಟ್ಟರು.

ಶಾಲೆ ತೆರೆದ ವಾರ ಟೀಚರಿಂದ ಒಂದು ವಿಡಿಯೋ ಬಂತು. ಅಕ್ಕ ಅದನ್ನು ಫೋನಿನಲ್ಲಿ ನನಗೂ ತೋರಿಸುತ್ತಾರೆ. ಸಾಲಾಗಿ ನಿಂತ ಮಕ್ಕಳು ಎಡ ಅಂಗೈ ಮೇಲೆ ಬಲಗೈಯ ಎರಡು ಬೆರಳಿಟ್ಟು ಸ್ಕ್ರೂ ಬಿಗಿದಂತೆ ತಿರುಗಿಸಿ, ಆ ಬೆರಳನ್ನು ಕೆನ್ನೆಗೆ ತಾಗಿಸಿ ನಗುತ್ತವೆ. ಯಾರನ್ನಾದರೂ ತಮ್ಮವರೆಂದುಕೊಂಡರೆ ಆ ಮಕ್ಕಳು ಅವರಿಗೊಂದು ಸನ್ನೆಯ ಹೆಸರಿಡುತ್ತವೆ. ಇದು ಅಕ್ಕನ ಹೆಸರು. ಕೆನ್ನೆ ಯಾಕೆಂದರೆ, ಅಕ್ಕ ನಕ್ಕರೆ ಗುಳಿ ಬೀಳುತ್ತದೆ. ಟೀಚರ್ ಮಕ್ಕಳಿಗೆ ಅಕ್ಕನ ಫೋಟೋ ತೋರಿಸಿದ್ದರಂತೆ.

"ಒಂದು ಸಲ ಅಲ್ಲಿಗೆ ಹೋಗಬೇಕು," ಎನ್ನುತ್ತಾರೆ ಅಕ್ಕ. "ಯಾವ ಕಥೆ ಇಷ್ಟ ಆಯ್ತು ಅಂತ ಅವರ ಭಾಷೇಲೇ ಕೇಳಬೇಕು. ಕೇಳೋಕೆ ಕಲಿತಾಗಿದೆ. ಅವು ಎಲ್ಲಾ ಒಟ್ಟಿಗೆ ಉತ್ತರ ಕೊಟ್ರೆ ಅರ್ಥ ಆಗಬೇಕಲ್ಲ, ಅದಕ್ಕೇ ಕಾಯ್ತಾ ಇದ್ದೀನಿ."