ಲಂಡನ್ನಿನ ಹೊಸ್ತಿಲಲ್ಲಿ ಅವ್ವನ ಚಪ್ಪಲಿ

ಮಹಡಿಯಿಂದ ಇಳಿದು ಬಂದರೆ ಬಾಗಿಲ ಹೊರಗೆ ಬೂಟುಗಳ ಸಾಲು. ನಾವು ಒಳಗೆ ಹೋಗುವಾಗ ಅಲ್ಲಿದ್ದದ್ದು ನಮ್ಮ ಅವ್ವನ ಚಪ್ಪಲಿ ಮಾತ್ರ.

ಪೂರ್ವ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ, ಶತಮಾನಗಳ ಹಿಂದೆ ಫ್ರಾನ್ಸ್ ಬಿಟ್ಟು ಓಡಿಬಂದ ನೇಕಾರರ ಓಣಿ ಅದು. ಅಲ್ಲಿನ ಮನೆಯೊಂದನ್ನು ದುರಸ್ತಿ ಮಾಡಿ, ಒಲೆ, ಮಗ್ಗ, ತೊಟ್ಟಿಲುಗಳನ್ನು ಹಿಂದೆ ಇದ್ದಂತೆಯೇ ಇಟ್ಟಿದ್ದಾರೆ. ಧಾರವಾಡದಿಂದ ಬಂದಿದ್ದ ಅವ್ವನಿಗೆ ತೋರಿಸಲೆಂದು ನಾನಿರುವ ಕಿಂಗ್ಸ್‌ಬರಿಯಿಂದ ಟ್ಯೂಬ್ ರೈಲು ಹತ್ತಿ ಕರೆದುಕೊಂಡು ಹೋಗಿದ್ದೆ. ಅವಳು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟಳು.

"ಅವ್ವಾ, ಇದು ಮ್ಯೂಸಿಯಂ. ಇಲ್ಲಿ ಯಾರೂ ಇರಂಗಿಲ್ಲ," ಎಂದೆ.

"ಒಲಿ ಐತಿ, ತೊಟ್ಲಾ ಐತಿ. ಮಂದಿ ಮನಿಯಾಗ ಚಪ್ಪಲಿ ಮೆಟ್ಟಕೊಂಡು ಅಡ್ಯಾಡ್ತಾರೇನು?" ಎಂದಳು.

ಹಿಂದೆ ಬಂದವರು ಆ ಒಂದು ಜೊತೆ ಚಪ್ಪಲಿ ನೋಡಿ, ಇಲ್ಲಿನ ನಿಯಮವೇ ಹೀಗಿರಬೇಕು ಎಂದುಕೊಂಡು ತಮ್ಮವನ್ನೂ ಬಿಟ್ಟಿದ್ದರು. ಅವರನ್ನು ನೋಡಿ ಇನ್ನಷ್ಟು ಜನ. ಟೈ ಕಟ್ಟಿದ್ದ ಹಿರಿಯರೊಬ್ಬರು ತೂತು ಬಿದ್ದ ಕಾಲುಚೀಲದಿಂದ ಇಣುಕುತ್ತಿದ್ದ ಹೆಬ್ಬೆರಳನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡು ಮಗ್ಗದ ಮುಂದೆ ನಿಂತಿದ್ದರು. ಅಲ್ಲಿನ ಗೈಡ್ ಬಾಗಿಲಿಗೆ ಬಂದು ಸಾಲನ್ನು ನೋಡಿದಳು, ತನ್ನ ಬೂಟು ನೋಡಿಕೊಂಡಳು, ತಪ್ಪು ತನ್ನದೇ ಎಂಬಂತೆ ಬಗ್ಗಿ ಲೇಸು ಬಿಚ್ಚಿದಳು. ನಾನು ಅವ್ವನ ಕೈ ಹಿಡಿದು ಮೆಲ್ಲಗೆ ಜಾಗ ಖಾಲಿ ಮಾಡಿದೆ.

ಮೊನ್ನೆ ನೆಂಟರನ್ನು ಕರೆದುಕೊಂಡು ಮತ್ತೆ ಹೋದಾಗ ಬಾಗಿಲ ಬಳಿ ಮರದ ಸ್ಟ್ಯಾಂಡ್ ಬಂದಿತ್ತು. ಅದರ ಮೇಲೊಂದು ಬೋರ್ಡು: 'ಈ ಮನೆಯ ಹಳೆಯ ಸಂಪ್ರದಾಯದಂತೆ ದಯವಿಟ್ಟು ಪಾದರಕ್ಷೆಗಳನ್ನು ಇಲ್ಲಿ ಬಿಡಿ.' ಅದು ಧಾರವಾಡದ ಸಂಪ್ರದಾಯ ಎಂದು ನಾನು ಯಾರಿಗೂ ಹೇಳಲಿಲ್ಲ. ಈ ಸಲ ಸುಮ್ಮನೆ ನಾನೂ ಬೂಟು ಬಿಚ್ಚಿದೆ.