ಗುಲಾಬಿ ಟೈಲ್ಸಿನ ಹೊಟ್ಟೆಕಿಚ್ಚು

ಕುಕ್ಕುಂದೂರಿನ ಹೈಸ್ಕೂಲಿನ ಪಕ್ಕದಲ್ಲಿ ಮೇಬಲ್ ಬಾಯಿಯದೊಂದು ಅಂಗಡಿ, ರಸ್ತೆಯ ಆಚೆ ಪಾಸ್ಕಲನದೊಂದು. ಪಾಸ್ಕಲ್ ಬೋರ್ಡಿಗೆ ಹೊಸ ಬಣ್ಣ ಬಳಿದರೆ ಮೇಬಲ್‌ಗೆ ಆ ದಿನ ಗಂಜಿ ಸೇರುತ್ತಿರಲಿಲ್ಲ. ಅವನ ಬೆಕ್ಕು ಮರಿ ಹಾಕಿದಾಗ ತನ್ನ ಬೆಕ್ಕನ್ನು ಸೋಮಾರಿ ಎಂದು ಬೈದವಳು ಅವಳು. ಆದರೆ ಒಂದು ವಿಷಯದಲ್ಲಿ ಅವಳದೇ ಮೇಲುಗೈ. ಗಂಡ ಲಿಯೋನೆಲ್ ಮಸ್ಕತ್ತಿನಿಂದ ಕಳಿಸಿದ ಹಣದಲ್ಲಿ, ೨೦೦೩ರಲ್ಲಿ, ಅಂಗಡಿಯ ಹಿಂದೆ ಗುಲಾಬಿ ಟೈಲ್ಸಿನ ಟಾಯ್ಲೆಟ್ ಕಟ್ಟಿಸಿದ್ದಳು. ಪೆನ್ಸಿಲ್ ಕೊಳ್ಳಲು ಬಂದವರಿಗೂ ಅದನ್ನು ತೋರಿಸಿಯೇ ಚಿಲ್ಲರೆ ಕೊಡುತ್ತಿದ್ದಳು.

ಹಾಗಿರುವಾಗ ಒಂದು ಮಧ್ಯಾಹ್ನ ಹತ್ತನೇ ಕ್ಲಾಸಿನ ಶಿಲ್ಪಾ, ಪಾಸ್ಕಲನ ಹಿತ್ತಿಲಿನ ಸಿಮೆಂಟ್ ಶೀಟಿನ ಪಾಯಿಖಾನೆಯಿಂದ ಹೊರಬರುವುದು ಮೇಬಲಳ ಕಣ್ಣಿಗೆ ಬಿತ್ತು.

ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮಲಕಪ್ಪ, ಸೋಮವ್ವ ದಂಪತಿಯ ಮಗು ಅದು. ಶಾಲೆಯ ಲೆಕ್ಕದಲ್ಲಿ ಮಲ್ಲಿನಾಥನೆಂಬ ಹುಡುಗ. ತನ್ನ ಲೆಕ್ಕದಲ್ಲಿ, ತಾಯಿಯ ಲೆಕ್ಕದಲ್ಲಿಯೂ, ಶಿಲ್ಪಾ. ಹುಡುಗರ ಟಾಯ್ಲೆಟ್ಟಿಗೆ ಹೋದರೆ ಹುಡುಗರು ಬಾಗಿಲು ಒದೆಯುತ್ತಿದ್ದರು, ಹುಡುಗಿಯರದ್ದಕ್ಕೆ ಟೀಚರು ಬಿಡುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಮನೆಗೆ ಹೋದವಳು ಮತ್ತೆ ಬರುತ್ತಿರಲಿಲ್ಲ. ಹೀಗೇ ಆದರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆಡ್‌ಮಾಸ್ಟರು ಹೇಳಿಯಾಗಿತ್ತು. ಅದನ್ನು ಕೇಳಿದ ಪಾಸ್ಕಲ್ ಸದ್ದಿಲ್ಲದೆ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದ.

ಮೇಬಲ್‌ಗೆ ಚುಚ್ಚಿದ್ದು ಇದಾವುದೂ ಅಲ್ಲ. ಗುಲಾಬಿ ಟೈಲ್ಸ್ ಬಿಟ್ಟು ಸಿಮೆಂಟ್ ಶೀಟಾ?

ಮರುದಿನ ಊಟದ ಗಂಟೆ ಹೊಡೆದದ್ದೇ, ರಸ್ತೆಗೆಲ್ಲ ಕೇಳುವಂತೆ ಕರೆದಳು: “ಓಯ್ ಶಿಲ್ಪಾ! ಆ ಪಾಸ್ಕಲನ ಗೂಡಿಗೆ ಎಂತಕ್ಕೆ ಹೋಗುವುದು ಮಾರಾಯ್ತಿ? ಇಲ್ಲಿ ಟೈಲ್ಸ್ ಉಂಟು, ಕನ್ನಡಿ ಉಂಟು, ಫಾರಿನ್ ಸೋಪೂ ಉಂಟು!”

ಕಡ್ಲೆ ತಿನ್ನುತ್ತಿದ್ದ ಹುಡುಗರೆಲ್ಲ ತಿರುಗಿ ನೋಡಿದರು. ಒಬ್ಬ ಸಿಳ್ಳೆ ಹೊಡೆದ. ಅಂದಿನಿಂದ ಅವರು ಪಾಸ್ಕಲನ ಗೇಟಿನ ಹತ್ತಿರವೇ ಠಿಕಾಣಿ ಹೂಡಿದರು. ಶಿಲ್ಪಾ ಅಲ್ಲಿಗೂ ಬರಲಿಲ್ಲ, ಇಲ್ಲಿಗೂ ಬರಲಿಲ್ಲ. ಮಧ್ಯಾಹ್ನದ ಮೇಲೆ ಶಾಲೆಗೂ ಇಲ್ಲ.

ಪಾಸ್ಕಲನ ಗಿರಾಕಿ ತಪ್ಪಿತಲ್ಲ ಎಂದು ಮೇಬಲ್‌ಗೆ ಒಳಗೊಳಗೇ ಖುಷಿ. ಅದು ಬಾಳಿದ್ದು ಸೋಮವ್ವ ಬಟ್ಟೆ ಸೋಪಿಗೆ ಬರುವವರೆಗೆ.

“ಬಾಯಾರ, ಸಂತ್ಯಾಗ ಬದನಿಕಾಯಿ ಮಾರಿದಂಗ ಕೂಗಿದ್ರ ಅಕಿ ಹೆಂಗ ಬರ್ತಾಳ್ರೀ? ಈಗ ಸಾಲೀನ ಬಿಡ್ತೀನಂತ ಕುಂತಾಳ.”

“ನಾನು ಒಳ್ಳೆಯದಕ್ಕೇ ಹೇಳಿದ್ದಲ್ವಾ?”

“ಪಾಸ್ಕಲಣ್ಣಾರು ಏನೂ ಹೇಳಿದ್ದಿಲ್ರೀ. ಬಾಗಿಲಾ ತಗದಿಟ್ಟಿದ್ರು, ಅಷ್ಟ.”

ಮಗುವಿನ ಓದು ಕೆಡಿಸಿದೆನಲ್ಲ ಎಂಬ ಸಂಕಟ ಒಂದು ಪಾಲಾದರೆ, ಪಾಸ್ಕಲನಿಗಿಂತ ಕಡಿಮೆಯಾದೆನಲ್ಲ ಎಂಬ ಉರಿ ಮೂರು ಪಾಲು. ಸಂಜೆಯೊಳಗೆ ಮೇಬಲ್ ತನ್ನ ಟಾಯ್ಲೆಟ್ಟಿನ ಪಕ್ಕ ಹಿಂದಿನ ಓಣಿಗೆ ತೆರೆಯುವ ಗೇಟಿನ ತುಕ್ಕು ಹಿಡಿದ ಚಿಲಕಕ್ಕೆ ತೆಂಗಿನೆಣ್ಣೆ ಬಿಟ್ಟಳು. ಸಂಗತಿಯನ್ನು ಸೋಮವ್ವನ ಕಿವಿಯಲ್ಲಿ ಮಾತ್ರ ಹೇಳಿದಳು. ಮರುದಿನ ಊಟದ ಬಿಡುವಿಗೆ ಅಂಗಡಿಯ ಮುಂದೆ ರಟ್ಟು ತೂಗಿತು: ಐಸ್‌ಕ್ಯಾಂಡಿ, ಅರ್ಧ ಕ್ರಯ, ಬೆಲ್ ಆಗುವವರೆಗೆ ಮಾತ್ರ. ಹುಡುಗರ ದಂಡು ಪಾಸ್ಕಲನ ಗೇಟು ಬಿಟ್ಟು ಇತ್ತ ನುಗ್ಗಿತು. ಹಿಂದಿನ ಓಣಿ ಖಾಲಿ.

ಒಂದು ವಾರ ಯಾರೂ ಬರಲಿಲ್ಲ. ಕ್ಯಾಂಡಿ ಕರಗಿತು, ಲಾಭವೂ ಕರಗಿತು. ಆಮೇಲೊಂದು ದಿನ ಹಿಂದೆ ಚಿಲಕದ ಸದ್ದಾಯಿತು. ತಿರುಗಿ ನೋಡಬೇಕೆಂದು ಕುತ್ತಿಗೆ ತುರಿಸಿದರೂ ಮೇಬಲ್ ತಿರುಗಲಿಲ್ಲ. ಅಂದು ಮಧ್ಯಾಹ್ನದ ಕ್ಲಾಸಿನಲ್ಲಿ ಶಿಲ್ಪಾ ಇದ್ದಳು. ಮರುದಿನವೂ ಇದ್ದಳು.

ಕೊನೆಗೆ ಪಾಸ್ಕಲನೇ ರಸ್ತೆ ದಾಟಿ ಬಂದ.

“ನಷ್ಟಕ್ಕೆ ಮಾರಿ ನನ್ನ ಗಿರಾಕಿ ಎಳೆದದ್ದು ಇರಲಿ ಬಾಯಿ. ಆ ಹುಡುಗಿ ಈಗ ಎಲ್ಲಿಗೆ ಹೋಗುವುದು ಅಂತ ಗೊತ್ತುಂಟಾ? ನಾನು ಬಾಗಿಲು ತೆರೆದೇ ಇಟ್ಟಿದ್ದೇನೆ. ಬರುವುದೇ ಇಲ್ಲ.”

ಹಿಂದುಗಡೆ ಬಕೆಟ್ಟಿಗೆ ನೀರು ಬೀಳುತ್ತಿತ್ತು. ‘ನನ್ನ ಟೈಲ್ಸಿಗೆ!’ ಎಂಬುದು ಮೇಬಲಳ ನಾಲಿಗೆಯ ತುದಿಯವರೆಗೆ ಬಂತು. ಸುತ್ತ ಹುಡುಗರು ಕ್ಯಾಂಡಿ ಚೀಪುತ್ತ ನಿಂತಿದ್ದರು.

“ನನಗೆಂತ ಗೊತ್ತು ಮಾರಾಯ,” ಎಂದಳು, ಪಾಸ್ಕಲನ ಎದುರು ಗೆದ್ದ ಒಂದೇ ಒಂದು ಪಂದ್ಯವನ್ನು ನುಂಗಿಕೊಂಡು. “ನೀನೂ ಒಂದು ಕ್ಯಾಂಡಿ ತಿನ್ನು.”