ಅಬ್ಬಾ ಎಂದದ್ದು

ಹಜ್‌ಗೆ ಹೊರಡುವ ಮೊದಲು ನಮ್ಮಲ್ಲಿ ಮನೆಮನೆಗೆ ಹೋಗಿ ಕ್ಷಮೆ ಕೇಳುತ್ತಾರೆ. ‘ಕಹಾ ಸುನಾ ಮಾಫ್’ ಎನ್ನುತ್ತಾರೆ. ನಾನು ಆಡಿದ್ದು, ನೀವು ಕೇಳಿದ್ದು, ಎಲ್ಲ ಮನ್ನಾ ಆಗಲಿ ಎಂದು ಅರ್ಥ. ಎದುರಿಗಿದ್ದವರು ‘ಮಾಫ್’ ಎಂದರೆ ಮುಗಿಯಿತು. ಬೆಟಗೇರಿಯ ನಮ್ಮ ಓಣಿಯಲ್ಲಿ ಈ ಕೆಲಸಕ್ಕೆ ನನಗೆ ಎರಡು ದಿನ ಸಾಕಾಯಿತು. ಒಂದು ಮನೆ ಉಳಿದಿತ್ತು, ಹಮ್ಮಿಗಿಯಲ್ಲಿ. ಮಗಳು ಕಾರು ಮಾಡಿಸಿ ಕರೆದುಕೊಂಡು ಹೋದಳು.

ಆ ಮನೆಯ ಹಿರಿಯರಿಗೆ ತೊಂಬತ್ತು ದಾಟಿದೆ. ನನಗೆ ಆರು ವರ್ಷವಿದ್ದಾಗ ಅವರು ತಮ್ಮ ಚಕ್ಕಡಿಯಲ್ಲಿ ನಮ್ಮನ್ನು ಮುಂಡರಗಿಗೆ ತಲುಪಿಸಿದ್ದರು. ಹೈದರಾಬಾದ್ ಸಂಸ್ಥಾನ ಮುಗಿದ ದಿನಗಳು. ಕೊಪ್ಪಳದ ಕಡೆಯ ನಮ್ಮ ಹಳ್ಳಿಯಲ್ಲಿ ಮುಸಲ್ಮಾನ ಗಂಡಸರನ್ನು ಹುಡುಕಿ ಕೊಲ್ಲುತ್ತಿದ್ದರು. ಅದಕ್ಕೂ ಮೊದಲು ಸಂಸ್ಥಾನದ ಪರವಾಗಿ ಬಂದೂಕು ಹಿಡಿದವರು ಹಿಂದೂಗಳ ಮನೆಗಳಿಗೆ ಮಾಡಿದ್ದಕ್ಕೆ ಅದು ಸೇಡು ಎಂದು ದೊಡ್ಡವಳಾದ ಮೇಲೆ ಕೇಳಿದೆ. ಅಬ್ಬಾ ಮಗ್ಗದ ಕುಣಿ ಬಿಟ್ಟು ಎದ್ದವರಲ್ಲ.

ಅಬ್ಬಾ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಚಕ್ಕಡಿಯ ಹಿಂದೆ ನಡೆಯುತ್ತಿದ್ದರು. ಅಮ್ಮ ಕುಂಕುಮ ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ನನಗೆ ಒಂದೇ ಪಾಠ. “ಅಪ್ಪಾ ಅನಬೇಕು. ಅಬ್ಬಾ ಅನಬಾರದು. ಅಪ್ಪಾ.” ನಾನು ತುಟಿ ಗಟ್ಟಿಯಾಗಿ ಒತ್ತಿ ಅಂದು ತೋರಿಸುತ್ತಿದ್ದೆ.

ಸಂಸ್ಥಾನದ ಗಡಿಯ ಹಳ್ಳದಲ್ಲಿ ಏಳೆಂಟು ಜನ ನಿಂತಿದ್ದರು. ಚಕ್ಕಡಿಯೊಳಗೆ ನೋಡಿ, ಹೋಗಿ ಎಂದರು. ಎತ್ತುಗಳು ನೀರಿಗಿಳಿದವು. ಅಬ್ಬಾ ಚಪ್ಪಲಿ ಬಿಚ್ಚಲು ಹಿಂದೆ ನಿಂತರು. ಅವರು ಬರುತ್ತಿಲ್ಲ ಎಂದುಕೊಂಡು ನಾನು ಕೂಗಿದೆ. ಚಕ್ಕಡಿ ನಿಲ್ಲಲಿಲ್ಲ. ಆಚೆ ದಂಡೆ ಹತ್ತಿದ ಮೇಲೂ ನಿಲ್ಲಲಿಲ್ಲ. ಅಮ್ಮ ನನ್ನ ಮುಖವನ್ನು ಸೆರಗಿನಲ್ಲಿ ಒತ್ತಿ ಹಿಡಿದಿದ್ದಳು. ಅಬ್ಬಾ ಬರಲಿಲ್ಲ.

ಬೆಟಗೇರಿಯಲ್ಲಿ ಅಮ್ಮ ಬೇರೆಯವರ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ ನನ್ನನ್ನು ಬೆಳೆಸಿದಳು. ಹಮ್ಮಿಗಿಯ ಈ ಹಿರಿಯರು ವರ್ಷಕ್ಕೊಮ್ಮೆ ಸೀರೆ ಕೊಳ್ಳಲು ಬಂದಾಗ ನಮ್ಮ ಮನೆಗೂ ಬರುತ್ತಿದ್ದರು. ನಾನು ಕೂಗಿದ್ದರ ಮಾತನ್ನು ಅಮ್ಮ ಸಾಯುವವರೆಗೂ ಎತ್ತಲಿಲ್ಲ. ಒಮ್ಮೆ ಬೈದಿದ್ದರೂ ಮಾಫಿ ಕೇಳಬಹುದಿತ್ತು. ಆ ಕೂಗು ಕೇಳಿದವರಲ್ಲಿ ನನಗೆ ಗೊತ್ತಿರುವವರು ಈಗ ಇವರೊಬ್ಬರೇ.

ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಕೈ ಹಿಡಿದು ಕೇಳಿದೆ. “ಹಳ್ಳದಾಗ ನಾ ಅಂದಿದ್ದು, ನೀವು ಕೇಳಿದ್ದು. ಅದನ್ನ ಮಾಫ್ ಮಾಡ್ರಿ ಅಣ್ಣಾರ.”

“ನೀ ಏನೂ ಅನ್ನಲಿಲ್ಲ ತಂಗಿ. ಅಳಾಕತ್ತಿದ್ದಿ, ಅಷ್ಟ.”

“ಅಂದೇನ್ರಿ.”

“ಇಲ್ಲ ಅಂದ್ನಲ್ಲ.”

ಸೊಸೆ ಚಹಾ ತಂದಿಟ್ಟಳು. “ಹಜ್‌ಕ ಹೊಂಟಾರ್ರಿ ಮಾವಾರ. ಮಾಫ್ ಅಂದ ಬಿಡ್ರಿ. ಹೊಲದ ಬದುವಿನ ಜಗಳದಾಗೂ ಇಷ್ಟ ಹಟಾ ಮಾಡಿಲ್ಲ ನೀವು.”

“ನೀ ಸುಮ್ನಿರ. ಆಗದ ತಪ್ಪಿಗೆ ಮಾಫ್ ಹೆಂಗ ಅನ್ನಲಿ?”

ಅಮ್ಮನೂ ನನ್ನನ್ನು ಹೀಗೆಯೇ ಕಾಪಾಡಿದ್ದಳು. ನಾನು ಕೈ ಬಿಡಲಿಲ್ಲ. “ಎಪ್ಪತ್ತು ವರ್ಷದ ಮ್ಯಾಲಾತು ಅಣ್ಣಾರ. ಖರೆ ಹೇಳ್ರಿ,” ಎಂದೆ.

ಚಹಾ ಕೆನೆಗಟ್ಟಿತು. ಅವರು ಅಂಗಳದ ಕಡೆ ನೋಡುತ್ತ ಹೇಳಿದರು:

“ಅಂದಿ. ಅಬ್ಬಾ ಅಂದಿ. ಎರಡ ಸಲ. ನನಗ ಕೇಳಿಸ್ತು. ದಂಡಿಮ್ಯಾಗ ನಿಂತವರಿಗೂ ಕೇಳಿಸ್ತು.”

ನನಗೆ ನೆನಪಿದ್ದದ್ದು ಒಂದು ಸಲ.

“ಮಾಫ್ ಐತಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಾ ಎತ್ತಿಗೆ ಬಾರಕೋಲು ಹಾಕಿದೆ. ನಿಂದರಸಲಿಲ್ಲ. ನಿಮ್ಮವ್ವ ವರ್ಷಾ ವರ್ಷಾ ಚಹಾ ಕುಡಿಸಿದಳು, ಒಂದ ಮಾತ ಕೇಳಲಿಲ್ಲ. ಅದಕ್ಕ ಏನಂತಿ?”

ನಿಲ್ಲಿಸಿದ್ದರೆ ಅಮ್ಮನೂ ನಾನೂ ಉಳಿಯುತ್ತಿರಲಿಲ್ಲವೇನೋ. ಹಾಗೆಂದು ಹೇಳಿ ಎದ್ದುಬರಬಹುದಿತ್ತು. ಅವರು ಕೇಳಿದ್ದು ಬೇರೆ. ಮಾಫ್ ಎಂದೆ.

“ಏನಂದಿ?” ಎಂದು ಅವರು ಕಿವಿ ಹತ್ತಿರ ತಂದರು.

ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.